ಲವ್ ಸ್ಟೋರಿ ಸಿನಿಮಾ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೀತಿ-ಪ್ರೇಮದ ಸಿನಿಮಾ ಅಂದರೆ ನನಗೆ ಜೀವ. ಕಲಬುರಗಿಯಲ್ಲಿ ಬೆಳೆದವರಿಗೆ ಇದರಲ್ಲಿ ಒಂದು ಲಾಭ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರುಗಳು ನಮ್ಮವು, ಒಂದೇ ಓಣಿಯಲ್ಲಿ ಮೂರು ನಾಲ್ಕು ಭಾಷೆ ಕೇಳುತ್ತವೆ. ಅದಕ್ಕೇ ಕನ್ನಡ, ಹಿಂದಿ, ತೆಲುಗು ಎಲ್ಲ ನೋಡುತ್ತೇವೆ, ಒಳ್ಳೆಯ ಮರಾಠಿ ಸಿನಿಮಾ ಬಂದರೆ ಅದನ್ನೂ ಬಿಡುವುದಿಲ್ಲ. ಗೆಳೆಯರು, ಅಕ್ಕನ ಮಕ್ಕಳು, ಚಹಾದಂಗಡಿಯಲ್ಲಿ ಸಿಗುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ಕೆಲವು ಸಿನಿಮಾಗಳ ಕೊನೆಯನ್ನೂ ಹೇಳಿದ್ದೇನೆ, ಹೇಳದೆ ಮಾತು ಮುಂದೆ ಹೋಗುವುದಿಲ್ಲ.

ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಿರುತ್ತೆ. ಮತ್ತೆ ಯಾಕೆ ನೋಡಬೇಕು?

ಯಾರಿಗೆ ಯಾರು ಅಂತ ಪೋಸ್ಟರಿನಲ್ಲೇ ಹೇಳಿಬಿಟ್ಟಿರುತ್ತಾರೆ, ನಿಜ. ನಾವು ಟಿಕೆಟ್ ತೆಗೆಯುವುದು ಇಬ್ಬರ ನಡುವೆ ಏನು ಅಡ್ಡ ಬರುತ್ತೆ, ಅದನ್ನು ಹೇಗೆ ದಾಟುತ್ತಾರೆ, ದಾಟುವಾಗ ಏನು ಕಳೆದುಕೊಳ್ಳುತ್ತಾರೆ ಅಂತ ನೋಡಲು. ಜಾತ್ರೆಗೆ ಬರುತ್ತಿದ್ದ ಕಂಪನಿ ನಾಟಕಗಳ ಕಥೆ ನಮ್ಮ ಹಿರಿಯರಿಗೆ ಬಾಯಿಪಾಠ ಇರುತ್ತಿತ್ತು. ಆದರೂ ಬೆಳಗಾಗುವ ತನಕ ಕೂತು ನೋಡುತ್ತಿದ್ದರು.

ನನ್ನ ಪ್ರಕಾರ ಲವ್ ಸ್ಟೋರಿಯ ಜೀವ ಇರುವುದು ಆ ಅಡ್ಡಿಯಲ್ಲೇ. ಅಡ್ಡಿ ನಿಜವಾಗಿದ್ದರೆ ಉಳಿದ ಹಳೆಯ ಸಾಮಾನೆಲ್ಲ, ಮಳೆ, ಹಾಡು, ಬಸ್ ಸ್ಟ್ಯಾಂಡಿನ ಓಟ, ಎಲ್ಲವೂ ಹೊಸದಾಗಿ ಕಾಣುತ್ತವೆ. ಅಡ್ಡಿ ಪೊಳ್ಳಾಗಿದ್ದರೆ ಎಷ್ಟು ಚೆಂದದ ಹೀರೋ ಇದ್ದರೂ ಇಂಟರ್ವಲ್ ಆದ ಮೇಲೆ ಜನ ಮೊಬೈಲ್ ತೆಗೆಯುತ್ತಾರೆ.

ಎಲ್ಲ ಲವ್ ಸ್ಟೋರಿಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತವಲ್ಲ?

ಅಚ್ಚು ಇದೆ. ಇಬ್ಬರು ಜಗಳದಿಂದಲೋ ತಪ್ಪು ತಿಳಿವಳಿಕೆಯಿಂದಲೋ ಭೇಟಿಯಾಗುತ್ತಾರೆ. ಯಾವುದೋ ಕಾರಣಕ್ಕೆ ಒಟ್ಟಿಗೆ ಇರಬೇಕಾಗುತ್ತೆ, ಒಂದು ಪ್ರಯಾಣ, ಒಂದು ಕಾಲೇಜು, ಒಂದು ಮದುವೆ ಮನೆ. ಹತ್ತಿರ ಆಗುತ್ತಾರೆ, ಬೇರೆ ಆಗುತ್ತಾರೆ, ಆಮೇಲೆ ಯಾರಾದರೂ ಒಬ್ಬರು ಓಡಿ ಬರುತ್ತಾರೆ.

ಇದು ತುಂಬ ಹಳೆಯ ಅಚ್ಚು. 1934ರಲ್ಲಿ ಫ್ರಾಂಕ್ ಕಾಪ್ರಾ ಅಮೆರಿಕದಲ್ಲಿ 'ಇಟ್ ಹ್ಯಾಪನ್ಡ್ ಒನ್ ನೈಟ್' ಅಂತ ಒಂದು ಸಿನಿಮಾ ಮಾಡಿದರು. ಮನೆ ಬಿಟ್ಟು ಓಡಿ ಬಂದ ಶ್ರೀಮಂತರ ಹುಡುಗಿ, ಕೆಲಸ ಕಳೆದುಕೊಂಡ ಪತ್ರಕರ್ತ, ಇಬ್ಬರೂ ಒಂದೇ ಬಸ್ಸಿನಲ್ಲಿ. ಸಿನಿಮಾ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಈ ದೊಡ್ಡ ಐದು ಆಸ್ಕರ್‌ಗಳೂ ಅದಕ್ಕೇ ಬಂದವು. ರಾತ್ರಿ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿಯಬೇಕಾದಾಗ ಹೀರೋ ಎರಡು ಮಂಚದ ನಡುವೆ ಹಗ್ಗ ಕಟ್ಟಿ ಒಂದು ಕಂಬಳಿ ಇಳಿಬಿಡುತ್ತಾನೆ. ಅಷ್ಟೇ. ಒಂದು ಕಂಬಳಿ ಇಡೀ ಸಿನಿಮಾವನ್ನು ಹಿಡಿದು ನಿಲ್ಲಿಸುತ್ತೆ, ಯಾಕೆಂದರೆ ಅದು ಯಾವಾಗ ಬೀಳುತ್ತೆ ಅಂತ ನಾವು ಕಾಯುತ್ತಿರುತ್ತೇವೆ. ಇದೇ ಕಥೆ 1956ರಲ್ಲಿ ಹಿಂದಿಯ 'ಚೋರಿ ಚೋರಿ' ಆಯಿತು, 1991ರಲ್ಲಿ 'ದಿಲ್ ಹೈ ಕಿ ಮಾನ್ತಾ ನಹೀಂ' ಆಯಿತು, 2007ರಲ್ಲಿ ಗಣೇಶ್ ಅವರ 'ಹುಡುಗಾಟ' ಆಗಿ ಕನ್ನಡಕ್ಕೂ ಬಂತು.

ನಮ್ಮ ದೇಶದ ಸಿನಿಮಾಗೆ ಇನ್ನೊಂದು ಕಟ್ಟು ಇದೆ, ಇಂಟರ್ವಲ್. ಮೊದಲರ್ಧ ನಗು, ತುಂಟಾಟ, ಹಾಡು. ಇಂಟರ್ವಲ್ ಹೊತ್ತಿಗೆ ಅಡ್ಡಿ ಎದುರು ಬಂದು ನಿಲ್ಲಬೇಕು. ಜನ ಮಿರ್ಚಿ ತಿನ್ನುತ್ತಾ 'ಈಗ ಏನಾಗುತ್ತೆ' ಅಂತ ಮಾತಾಡಿದರೆ ನಿರ್ದೇಶಕರು ಗೆದ್ದ ಹಾಗೆ.

ಇಷ್ಟೊಂದು ಹಾಡು ಯಾಕೆ? ಕಥೆ ನಿಂತೇ ಹೋಗುತ್ತಲ್ಲ?

ಒಳ್ಳೆಯ ಲವ್ ಸ್ಟೋರಿಯಲ್ಲಿ ಕಥೆ ಹಾಡಿನಲ್ಲೇ ನಡೆಯುತ್ತೆ. ನಮ್ಮ ಮನೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಅಂಗಳದಲ್ಲಿ ಅಜ್ಜಿ, ಪಡಸಾಲೆಯಲ್ಲಿ ಅಪ್ಪ, ಮಾಳಿಗೆ ಹತ್ತಿದರೆ ಪಕ್ಕದ ಮನೆಯವರು. ಇಬ್ಬರು ಎದುರು ಬದುರು ಕೂತು ಹತ್ತು ನಿಮಿಷ ಮಾತಾಡುವ ಜಾಗವೇ ಇಲ್ಲ. ಹಾಡು ಆ ಜಾಗ ಕೊಡುತ್ತೆ. ಅಲ್ಲಿ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ. ಹುಡುಗಿ ಎಲ್ಲರ ಎದುರು ಹೇಳಲಾರದ್ದನ್ನು ಅಲ್ಲಿ ಹೇಳುತ್ತಾಳೆ. ಅದಕ್ಕೇ ಇಂಥ ಹಾಡು ನಮಗೆ ಇಷ್ಟು ಹತ್ತಿರ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಕಾರಣ ಸೆನ್ಸಾರ್. 1933ರಲ್ಲೇ 'ಕರ್ಮ' ಸಿನಿಮಾದಲ್ಲಿ ದೇವಿಕಾ ರಾಣಿ, ಹಿಮಾಂಶು ರಾಯ್ ಮುತ್ತು ಕೊಟ್ಟುಕೊಂಡಿದ್ದರು. ಸ್ವಾತಂತ್ರ್ಯದ ನಂತರ ಅದು ತೆರೆಯಿಂದ ಹೆಚ್ಚು ಕಡಿಮೆ ಮಾಯವಾಯಿತು. ಕಥೆಗೆ ಬೇಕಿದ್ದರೆ ಮುತ್ತಿನ ದೃಶ್ಯ ಇರಲಿ ಅಂತ 1969ರಲ್ಲಿ ಸೆನ್ಸಾರ್ ಬಗ್ಗೆ ಸರ್ಕಾರ ನೇಮಿಸಿದ್ದ ಖೋಸ್ಲಾ ಸಮಿತಿ ವರದಿ ಕೊಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ಮೈ ಹೇಳಲಾರದ್ದನ್ನೆಲ್ಲ ಹಾಡು ಹೇಳಬೇಕಾಯಿತು. ಅದಕ್ಕಾಗಿ ದುಡಿದ ಕವಿಗಳು, ಸಂಗೀತಗಾರರು ಎಷ್ಟು ಜನ!

1987ರ 'ಪ್ರೇಮಲೋಕ' ನೋಡಿ. ರವಿಚಂದ್ರನ್, ಹಂಸಲೇಖ ಸೇರಿ ಮಾತಿನಲ್ಲಿ ಹೇಳಬಹುದಾದ ಜಗಳ, ಕೀಟಲೆ, ಒಪ್ಪಿಗೆ ಎಲ್ಲವನ್ನೂ ಹಾಡು ಮಾಡಿದರು. ಆಡುಮಾತು ಹಾಗೇ ಹಾಡಿಗೆ ಬಂತು. ಕ್ಯಾಸೆಟ್ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಅದೇ. ಸಿನಿಮಾ ನೋಡದವರಿಗೂ ಹಾಡು ಬರುತ್ತಿತ್ತು.

ಪ್ರತಿ ಸಿನಿಮಾದಲ್ಲೂ ಮಳೆ. ನಮ್ಮ ಕಡೆ ಮಳೆ ಎಲ್ಲಿದೆ?

2006ರ ಡಿಸೆಂಬರ್ 29ಕ್ಕೆ 'ಮುಂಗಾರು ಮಳೆ' ಬಂದ ಮೇಲೆ ಇದು ಜಾಸ್ತಿ ಆಯಿತು. ಯೋಗರಾಜ್ ಭಟ್ ಮಳೆಯನ್ನು ಒಂದು ಪಾತ್ರದ ಹಾಗೆ ಇಟ್ಟರು, ಜೋಗವನ್ನು ಮೇಲಿನಿಂದ ತೋರಿಸಿದರು, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಓಡಿತು. ಆಮೇಲೆ ಬಂದವರೆಲ್ಲ ಕ್ಯಾಮೆರಾ ಹೊತ್ತು ಮಲೆನಾಡಿಗೆ ಹೋದರು.

ಮಳೆ ಬಂದರೆ ಇಬ್ಬರು ಒಂದೇ ಸೂರಿನ ಕೆಳಗೆ ನಿಲ್ಲಬೇಕು, ಹೋಗಬೇಕಾದವರು ಹೋಗಲಾರರು. ಕಥೆ ಕಟ್ಟುವವರಿಗೆ ಇದು ಬಹಳ ಅನುಕೂಲ. ಕೊಡಗಿನಲ್ಲಿ ತಿಂಗಳುಗಟ್ಟಲೆ ಸುರಿಯುತ್ತೆ, ಕಲಬುರಗಿಯಲ್ಲಿ ವರ್ಷಕ್ಕೆ 700-800 ಮಿಲಿಮೀಟರ್ ಬಂದರೆ ಸಮಾಧಾನ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೂ ಅದೇ ಶಕ್ತಿ ಇದೆ, ಇದನ್ನು ಯಾರೂ ಬಳಸಿಕೊಂಡಿಲ್ಲ ಅನ್ನುವುದು ನನ್ನ ದೂರು. ಮಧ್ಯಾಹ್ನ ಎರಡು ಗಂಟೆಗೆ ಬಸ್ಸು ಕಾಯುತ್ತಾ ಇಬ್ಬರು ಒಂದೇ ಬೇವಿನ ಗಿಡದ ನೆರಳಿಗೆ ಬಂದು ನಿಲ್ಲುವುದು ಮಳೆಗಿಂತ ಕಡಿಮೆಯೇನಲ್ಲ. ಇನ್ನು ಎರೆಹೊಲದ ಮೇಲೆ ಮೊದಲ ಮಳೆ ಬಿದ್ದ ದಿನ ನಮ್ಮ ಕಡೆ ಜನ ಹೇಗೆ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ ಅಂತ ಗೊತ್ತಲ್ಲ? ಮಳೆಗೆ ಅಷ್ಟು ಕಾದವರೇ ಅದನ್ನು ಚೆನ್ನಾಗಿ ತೋರಿಸಬಲ್ಲರು.

ಹುಡುಗಿ ಬೇಡ ಅಂದರೂ ಹಿಂದೆ ಬಿದ್ದು ಒಪ್ಪಿಸುತ್ತಾನಲ್ಲ ಹೀರೋ, ಅದು ಪ್ರೀತಿನಾ?

ಇಲ್ಲ. ಲವ್ ಸ್ಟೋರಿಗಳಲ್ಲಿ ನಾನು ಬಿಟ್ಟುಕೊಡಲು ತಯಾರಿರುವ ಒಂದೇ ಪದ್ಧತಿ ಇದ್ದರೆ ಅದು ಇದು. ಇಲ್ಲಿ ಅಡ್ಡಿ ಅಂತ ತೋರಿಸುವುದು ಹುಡುಗಿಯ ಮನಸ್ಸನ್ನೇ. ಅದು ದಾಟಬೇಕಾದ ಗೋಡೆ ಅಲ್ಲ, ಅದು ಅವಳ ಉತ್ತರ. ಕಾಲೇಜಿಗೆ ಹೋಗುವ ದಾರಿಯಲ್ಲಿ ಬೈಕ್ ಅಡ್ಡ ಹಾಕುವುದು, ನಂಬರ್ ಎಲ್ಲಿಂದಲೋ ತೆಗೆದು ದಿನಾ ಫೋನ್ ಮಾಡುವುದು, ಇದನ್ನು ತೆರೆಯ ಮೇಲೆ ಹಾಡು ಹಾಕಿ ತೋರಿಸಿದರೆ ಚೆಂದ ಕಾಣಬಹುದು. ಯಾದಗಿರಿ ಕಡೆ ಹಳ್ಳಿಯಲ್ಲಿ ಇದೇ ನಡೆದರೆ ಮೊದಲು ನಿಲ್ಲುವುದು ಆ ಹುಡುಗಿಯ ಓದು. 'ಸಾಕು ಮನೆಯಲ್ಲಿರು' ಅಂದುಬಿಡುತ್ತಾರೆ.

ಕಾನೂನಿನಲ್ಲೂ ಇದು ಅಪರಾಧ. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ (ಐಪಿಸಿ) ಸೇರಿಸಿದ್ದರು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು.

ಕನ್ನಡದಲ್ಲಿ ಇದಕ್ಕೆ ಉತ್ತರ ಕೊಟ್ಟ ಸಿನಿಮಾ 1967ರಲ್ಲೇ ಬಂದಿದೆ. ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿಮೋಡ'. ಆಸ್ತಿ ಬರುವುದಿಲ್ಲ ಅಂತ ಗೊತ್ತಾದಾಗ ಹುಡುಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಆಮೇಲೆ ಅವನಿಗೆ ಏಟಾದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪ ಆಗಿ ಮದುವೆ ಆಗೋಣ ಅಂತಾನೆ. ಅವಳು ಒಲ್ಲೆ ಅಂತಾಳೆ. ಸಿನಿಮಾ ಅವಳ ಮಾತನ್ನು ಗೌರವಿಸಿ ಅಲ್ಲಿಗೇ ನಿಲ್ಲುತ್ತೆ. ಅದನ್ನು ನೋಡಿ ಬೆಳೆದ ಹೆಣ್ಣುಮಕ್ಕಳು ಎಷ್ಟು ಧೈರ್ಯ ತೆಗೆದುಕೊಂಡಿರಬೇಕು, ಯೋಚನೆ ಮಾಡಿ.

ಜಾತಿ, ಬಡವ-ಶ್ರೀಮಂತ, ಇದೆಲ್ಲ ಹಳೆಯ ಕಥೆ ಅಲ್ವಾ? ಈಗಲೂ ಅದನ್ನೇ ತೋರಿಸಬೇಕಾ?

ಈ ಪ್ರಶ್ನೆ ಬೇರೆ ಯಾವ ಊರಿನಲ್ಲಿ ಕೇಳಿದರೂ ಸರಿ, ನಮ್ಮ ಕಡೆ ಕೇಳಿದಾಗ ನನಗೆ ಬಸವಕಲ್ಯಾಣ ನೆನಪಾಗುತ್ತೆ. ಬೀದರ್ ಜಿಲ್ಲೆಯ ಊರು. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಶರಣ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯಿತು. ಹರಳಯ್ಯ ಚಪ್ಪಲಿ ಹೊಲಿಯುವವನು, ಮಧುವರಸ ಬ್ರಾಹ್ಮಣ. ಅದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಆಯಿತು, ಆನೆಯ ಕಾಲಿಗೆ ಕಟ್ಟಿ ಊರಲ್ಲಿ ಎಳೆಸಿದರು ಅಂತ ಶರಣರ ಕಥೆಗಳು ಹೇಳುತ್ತವೆ. ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಚದುರಿ ಹೋದರು. ಒಂದು ಮದುವೆಯಿಂದ ಒಂದು ರಾಜ್ಯ ಅಲುಗಾಡಿದ ನೆಲ ನಮ್ಮದು. ಅಂಥ ನೆಲದಲ್ಲಿ ಇವತ್ತಿಗೂ ಮದುವೆ ಮಾತು ಬಂದರೆ ಮೊದಲ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತು.

2016ರಲ್ಲಿ ನಾಗರಾಜ್ ಮಂಜುಳೆ ಅವರ ಮರಾಠಿ 'ಸೈರಾಟ್' ಬಂದಾಗ ನಮ್ಮ ಕಡೆ ಅದು ಪರಭಾಷೆಯ ಸಿನಿಮಾ ಅಂತ ಅನ್ನಿಸಲೇ ಇಲ್ಲ. ಕಥೆ ನಡೆಯುವುದು ಸೋಲಾಪುರ ಜಿಲ್ಲೆಯ ಕರ್ಮಾಳದ ಕಡೆ. ಅದೇ ಬಿಸಿಲು, ಅದೇ ಬಾವಿ, ಅದೇ ಗೌಡರ ದರ್ಪ. ಹುಡುಗಿ ಊರ ದೊಡ್ಡ ಮನೆಯವಳು, ಹುಡುಗ ಮೀನು ಹಿಡಿಯುವವರ ಮನೆಯವನು. ಇಬ್ಬರೂ ಓಡಿ ಹೋಗುವುದು ಹೈದರಾಬಾದಿಗೆ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಮುಖ್ಯ ರೈಲು ಹಾದಿ ಕಲಬುರಗಿ, ವಾಡಿ ದಾಟಿಯೇ ಹೋಗುತ್ತೆ. ಅವರು ನಮ್ಮ ಸ್ಟೇಷನ್ ದಾಟಿಯೇ ಹೋಗಿರಬೇಕು ಅಂತ ಅನ್ನಿಸಿದ ಮೇಲೆ ಮನಸ್ಸು ತಡೆಯುತ್ತಾ?

ಆ ಸಿನಿಮಾ ಅಚ್ಚನ್ನು ಎಲ್ಲೂ ಬಿಡುವುದಿಲ್ಲ. ಮೊದಲರ್ಧ ಹಾಡು, ಕಣ್ಸನ್ನೆ, ಗೆಳೆಯರ ತಮಾಷೆ, ಎಲ್ಲ ಇದೆ. ಎಲ್ಲ ಮಾಮೂಲಿ ಸಿನಿಮಾಗಳು 'ಶುಭಂ' ಅಂತ ಮುಗಿಯುವ ಜಾಗದಿಂದ ಇದು ಮುಂದೆ ಹೋಗುತ್ತೆ. ಓಡಿ ಹೋದ ಮೇಲೆ ಏನು? ತಗಡಿನ ಮನೆ, ಗೊತ್ತಿಲ್ಲದ ಭಾಷೆ, ಸಣ್ಣ ಕೆಲಸ, ಜಗಳ. ಕೊನೆಯ ದೃಶ್ಯದಲ್ಲಿ ಸದ್ದೇ ಇಲ್ಲ. ಅಷ್ಟು ಹೊತ್ತು ಅಜಯ್-ಅತುಲ್ ಸಂಗೀತಕ್ಕೆ ಕುಣಿದ ಜನ ಉಸಿರು ಹಿಡಿದು ಕೂತುಬಿಡುತ್ತಾರೆ. ಕನ್ನಡದಲ್ಲಿ 2017ರಲ್ಲಿ 'ಮನಸು ಮಲ್ಲಿಗೆ' ಆಗಿ ಬಂತು, 2018ರಲ್ಲಿ ಹಿಂದಿಯಲ್ಲಿ 'ಧಡಕ್' ಆಯಿತು. ನನ್ನ ಮನಸ್ಸಿನಲ್ಲಿ ನಿಂತಿದ್ದು ಮೂಲವೇ, ಯಾಕೆಂದರೆ ಅಲ್ಲಿಯ ಅಡ್ಡಿಗೆ ಒಂದು ಊರು, ಒಂದು ಜಾತಿ, ಒಂದು ಹೊಲ ಇದೆ.

ಸಿನಿಮಾದ ಹಾಗೆ ರಿಜಿಸ್ಟರ್ ಆಫೀಸಿಗೆ ಹೋಗಿ ಒಂದೇ ದಿನಕ್ಕೆ ಮದುವೆ ಆಗಬಹುದಾ?

ಇದನ್ನು ನಿಜಕ್ಕೂ ತುಂಬ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಆಗುವುದಿಲ್ಲ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬೇಕಾದರೆ ಮೊದಲು ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ನೋಟಿಸನ್ನು ಆಫೀಸಿನಲ್ಲಿ ಹಚ್ಚುತ್ತಾರೆ, 30 ದಿನ ಕಾಯಬೇಕು, ಆಮೇಲೆ ಮೂರು ಜನ ಸಾಕ್ಷಿಗಳು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರದಂತೆ ಮದುವೆ ಆಗಿ ಆಮೇಲೆ ನೋಂದಣಿ ಮಾಡಿಸುತ್ತಾರೆ. ಗೆಳೆಯರು ಎರಡು ಹಾರ ತಂದು, ಸಹಿ ಹಾಕಿಸಿ, ಐದು ನಿಮಿಷದಲ್ಲಿ ಹೊರಗೆ ಬರುವುದು ತೆರೆಯ ಮೇಲೆ ಮಾತ್ರ.

ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆ ಆದರೆ ಮನೆಯವರಿಗಾಗಲಿ ಊರಿನವರಿಗಾಗಲಿ ತಡೆಯುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಲು ಜಿಲ್ಲೆಗಳಲ್ಲಿ ವ್ಯವಸ್ಥೆ ಮಾಡಬೇಕು ಅಂತಲೂ ಹೇಳಿದೆ. ಆ 30 ದಿನದ ಕಾಯುವಿಕೆ, ಗೋಡೆಗೆ ಹಚ್ಚಿದ ಆ ನೋಟಿಸು ಯಾರ ಕಣ್ಣಿಗೆ ಬೀಳುತ್ತೋ ಅನ್ನುವ ಭಯ, ಇದರ ಮೇಲೇ ಒಂದು ಸಿನಿಮಾ ಮಾಡಬಹುದು. ಯಾರಾದರೂ ಮಾಡಿ, ದಯವಿಟ್ಟು.

ಅಳಿಸುವ ಸಿನಿಮಾಗಳೇ ಯಾಕೆ ಹೆಚ್ಚು ನೆನಪಿರುತ್ತವೆ?

'ಮುಂಗಾರು ಮಳೆ'ಯಲ್ಲಿ ಹುಡುಗಿಗೂ ಇವನ ಮೇಲೆ ಮನಸ್ಸಿದೆ, ಆದರೂ ಅವನು ಅವಳ ಮದುವೆ ಬೇರೆಯವನ ಜೊತೆ ಆಗಲು ಬಿಟ್ಟು ಹೊರಟು ಬರುತ್ತಾನೆ. 1972ರ 'ನಾಗರಹಾವು' ಸಿನಿಮಾದಲ್ಲಿ ರಾಮಾಚಾರಿ, ಮಾರ್ಗರೆಟ್ ಚಿತ್ರದುರ್ಗದ ಬೆಟ್ಟದಿಂದ ಬದುಕಿ ಕೆಳಗೆ ಬರುವುದಿಲ್ಲ. ಅಲ್ಲಿ ಅಡ್ಡಿ ಗೆದ್ದುಬಿಡುತ್ತೆ. ಗೆದ್ದ ಅಡ್ಡಿಯನ್ನು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಮನೆಗೆ ಬಂದ ಮೇಲೂ ಕಥೆ ನಡೆಯುತ್ತಲೇ ಇರುತ್ತೆ. ಹೀಗಾಗಿದ್ದರೆ? ಒಂದು ಮಾತು ಹೇಳಿದ್ದರೆ?

ಆದರೆ ಸಾವನ್ನು ಪ್ರೀತಿಯ ದೊಡ್ಡ ಸಾಕ್ಷಿ ಅಂತ ತೋರಿಸುವುದು ನನಗೆ ಒಪ್ಪಿಗೆ ಇಲ್ಲ. ಬದುಕಿ ಉಳಿದು ಅಗಲುವ ಕಥೆಗೂ ಅಷ್ಟೇ ತೂಕ ಇದೆ, 'ಮುಂಗಾರು ಮಳೆ' ಅದನ್ನು ತೋರಿಸಿದೆ.

ಇದು ಹೆಣ್ಣುಮಕ್ಕಳು ನೋಡುವ ಸಿನಿಮಾ ಅಂತಾರಲ್ಲ?

ಗಂಡಸರೂ ನೋಡುತ್ತಾರೆ, ಅಳುತ್ತಾರೆ, ಕತ್ತಲಲ್ಲಿ ಕಾಣುವುದಿಲ್ಲ ಅಷ್ಟೇ. ಆದರೆ ಕನ್ನಡದ ಲವ್ ಸ್ಟೋರಿಯನ್ನು ಗಟ್ಟಿ ಮಾಡಿದವರಲ್ಲಿ ಹೆಂಗಸರು ಮುಖ್ಯ, ಇದನ್ನು ಮರೆಯಬಾರದು. ವಾಣಿ ಅವರ ಕಾದಂಬರಿ 'ಎರಡು ಕನಸು' 1974ರಲ್ಲಿ ಸಿನಿಮಾ ಆಯಿತು, ಉಷಾ ನವರತ್ನರಾಮ್ ಅವರದ್ದು 1984ರಲ್ಲಿ 'ಬಂಧನ' ಆಯಿತು. ಮನೆಯೊಳಗಿನ ಅಡ್ಡಿ ಎಷ್ಟು ಸೂಕ್ಷ್ಮ ಅಂತ ಅವರಿಗೆ ಗೊತ್ತಿತ್ತು. ವಿಲನ್ ಬೇಕಾಗಿಲ್ಲ, ಒಂದು ಮೌನ ಸಾಕು.

ಮೊಬೈಲ್ ಬಂದ ಮೇಲೆ ಅಗಲಿಕೆ, ತಪ್ಪು ತಿಳಿವಳಿಕೆ ಎಲ್ಲ ಎಲ್ಲಿ ಉಳೀತು?

ತಲುಪದ ಪತ್ರದ ಕಥೆ ಮುಗಿಯಿತು, ಒಪ್ಪುತ್ತೇನೆ. ಫೋನ್ ಮಾಡಿ ಕೇಳಿದರೆ ಬಗೆಹರಿಯುವ ಅನುಮಾನವನ್ನು ಎರಡು ಗಂಟೆ ಎಳೆದರೆ ಈಗ ಯಾರೂ ನಂಬುವುದಿಲ್ಲ. ಆದರೆ ಫೋನಿನ ಮೇಲೆಯೇ ಒಂದು ಅದ್ಭುತ ಸಿನಿಮಾ 1995ರಲ್ಲಿ ಬಂದಿದೆ, ಸುನಿಲ್ ಕುಮಾರ್ ದೇಸಾಯಿ ಅವರ 'ಬೆಳದಿಂಗಳ ಬಾಲೆ'. ಅನಂತ್ ನಾಗ್ ಅವರಿಗೆ ಕೇಳುವುದು ಬರೀ ದನಿ. ಹೀರೋಯಿನ್ ಮುಖ ಕೊನೆವರೆಗೂ ನಮಗೆ ಕಾಣುವುದಿಲ್ಲ. ಈಗ ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಅದೂ ಒಂದು ಅಡ್ಡಿಯೇ.

ಅಪ್ಪ-ಅಮ್ಮನ ಜೊತೆ ಕೂತು ನೋಡಬಹುದಾ?

ಸರ್ಟಿಫಿಕೇಟ್ ನೋಡಿ ಹೋಗಿ. ಈಗ ಯುಎ, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದ ವರ್ಗವನ್ನು 7, 13, 16 ವರ್ಷಕ್ಕೆ ಮೇಲ್ಪಟ್ಟವರಿಗೆ ಅಂತ ಮೂರು ಭಾಗ ಮಾಡಿದ್ದಾರೆ. ಒಟ್ಟಿಗೆ ನೋಡಿ ಅಂತಲೇ ನಾನು ಹೇಳುತ್ತೇನೆ. ಮನೆಯಲ್ಲಿ ಎಂದೂ ಬಾರದ ಮಾತು ಸಿನಿಮಾ ಮುಗಿದ ಮೇಲೆ ರಿಕ್ಷಾದಲ್ಲಿ ಬರುತ್ತೆ. 'ಆ ಹುಡುಗಿ ಅಪ್ಪ ಅಷ್ಟು ಹಟ ಮಾಡಬಾರದಿತ್ತು' ಅಂತ ಅಪ್ಪನೇ ಅಂದುಬಿಡಬಹುದು.

ನಮ್ಮ ಕಡೆ ಮಾತಿನಲ್ಲಿ ಒಂದು ಲವ್ ಸ್ಟೋರಿ ಯಾಕೆ ಬರಬಾರದು?

ಬರಲೇಬೇಕು. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬರುವುದು ಹೆಚ್ಚಾಗಿ ನಗಿಸುವವರ ಬಾಯಲ್ಲಿ, ಇಲ್ಲಾ ರೌಡಿಯ ಬಾಯಲ್ಲಿ. ಹೀರೋ 'ನಿನ್ನ ಪ್ರೀತಿಸುತ್ತೇನೆ' ಅಂತ ಬೆಂಗಳೂರು-ಮೈಸೂರಿನ ಮಾತಿನಲ್ಲೇ ಹೇಳಬೇಕು ಅಂತ ಯಾರು ಮಾಡಿಟ್ಟರು? ನಮ್ಮಲ್ಲಿ 'ಉಂಡಿ ಏನು?' 'ಎಲ್ಲಿಗ್ ಹೊಂಟಿದಿ?' 'ಹೊತ್ತಾಯ್ತು, ಹುಷಾರ್ ಹೋಗು' ಅಂದರೆ ಪ್ರೀತಿಯ ಅರ್ಧ ಸಿನಿಮಾ ಮುಗಿದ ಹಾಗೆ.

ಜಾಗಕ್ಕೂ ಕಡಿಮೆ ಇಲ್ಲ. ಬೀದರ್ ಕೋಟೆಯ ರಂಗೀನ್ ಮಹಲ್ ಇದೆ, ಅಷ್ಟೂರಿನ ಗುಮ್ಮಟಗಳ ಸಾಲು ಇದೆ, ಸುರಪುರದ ಬಂಡೆಗುಡ್ಡ ಇವೆ, ಶರಣಬಸವೇಶ್ವರ ಗುಡಿಯ ಪಕ್ಕದ ಕೆರೆ ಇದೆ. ಬಂದೇನವಾಜ್ ದರ್ಗಾದ ಉರುಸಿಗೂ ಶರಣಬಸವೇಶ್ವರ ಅಪ್ಪನ ಜಾತ್ರೆಗೂ ಅದೇ ಜನ ಹೋಗುತ್ತಾರೆ. ತೊಗರಿ ಹೂ ಬಿಟ್ಟಾಗ ಹೊಲ ಹಳದಿ ಆಗುವುದನ್ನು ಒಂದು ಹಾಡಿಗೆ ಬಳಸಿದರೆ ಸ್ವಿಟ್ಜರ್ಲೆಂಡ್ ಯಾರಿಗೆ ಬೇಕು?

ಅಡ್ಡಿಯಂತೂ ನಮ್ಮ ಹತ್ತಿರವೇ ಇದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆ ಕೈ ಕೊಟ್ಟ ವರ್ಷ ಯಾದಗಿರಿ, ಕಲಬುರಗಿ ಹಳ್ಳಿಗಳಿಂದ ಮನೆ ಮಂದಿಯೆಲ್ಲ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಇವನು ಒಂದು ಊರಿನ ಶೆಡ್ಡಿನಲ್ಲಿ, ಅವಳು ಇನ್ನೊಂದು ಊರಿನ ಶೆಡ್ಡಿನಲ್ಲಿ. ಜಾತ್ರೆಗೆ ಇಬ್ಬರೂ ಊರಿಗೆ ಬರುತ್ತಾರೋ ಇಲ್ಲವೋ, ರಜೆ ಸಿಗುತ್ತೋ ಇಲ್ಲವೋ, ಮುಂಗಡ ತೀರಿದೆಯೋ ಇಲ್ಲವೋ. ಹಟಮಾರಿ ಅಪ್ಪ ಬೇಕಿಲ್ಲ, ಕತ್ತಿ ಹಿಡಿದ ಅಣ್ಣ ಬೇಕಿಲ್ಲ, ರೈಲಿನ ಜನರಲ್ ಬೋಗಿಯೇ ಸಾಕು. ಇಂಥ ಸಿನಿಮಾ ಬಂದರೆ ಮೊದಲ ದಿನ, ಮೊದಲ ಶೋ ನಾನು ಅಲ್ಲಿರುತ್ತೇನೆ.

ಹೊಸಬರು ಯಾವುದರಿಂದ ಶುರು ಮಾಡಲಿ?

ಮೊದಲು 'ಮುಂಗಾರು ಮಳೆ' ನೋಡಿ, ಅಚ್ಚು ಪೂರ್ತಿ ಅರ್ಥ ಆಗುತ್ತೆ. ಆಮೇಲೆ 'ಬೆಳ್ಳಿಮೋಡ', ಕಪ್ಪು-ಬಿಳುಪು ಅಂತ ಬಿಡಬೇಡಿ. ರಾತ್ರಿ ಒಬ್ಬರೇ ಇದ್ದಾಗ 'ಬೆಳದಿಂಗಳ ಬಾಲೆ'. 'ಸೈರಾಟ್' ಮಾತ್ರ ನಾಲ್ಕು ಜನ ಸೇರಿ ನೋಡಿ, ಮುಗಿದ ಮೇಲೆ ಮಾತಾಡಲು ಯಾರಾದರೂ ಬೇಕಾಗುತ್ತೆ. ಮರಾಠಿ ಬರದಿದ್ದರೂ ಪರವಾಗಿಲ್ಲ, ಬೀದರ್ ಕಡೆಯ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.